ಬಣ್ಣ ಹತ್ತದ ಹಿಂಡಿ

ಮನೆಯಲ್ಲಿ ಎಷ್ಟು ಜನ ಅಂತ ಯಾರಾದರೂ ಮುಖ ನೋಡಿ ಕೇಳಿಬಿಟ್ಟರೆ ನಾನು ಏನು ಹೇಳಲಿ?

ಮಾರ್ಚ್ ಒಂಬತ್ತರ ಬೆಳಿಗ್ಗೆ ಠಾಣೆಗೆ ಹೊರಡುವ ಮೊದಲು ಅವಳು ದಿನಚರಿಯಲ್ಲಿ ಬರೆದದ್ದು ಈ ಒಂದೇ ಸಾಲು. ಪಡಿತರ ಚೀಟಿ ಹೊಸದು ಮಾಡಿಸುವ ಅರ್ಜಿಯಲ್ಲಿ ‘ಇಬ್ಬರು’ ಎಂದು ತುಂಬಿದ್ದಳು, ತಾನು ಮತ್ತು ಅಮ್ಮ. ಮನೆಯಲ್ಲಿದ್ದದ್ದು ಮೂವರು. ಡಿಸೆಂಬರ್ ಇಪ್ಪತ್ತರ ಮಧ್ಯಾಹ್ನ ಅಣ್ಣ ಬಂದು ಬಾಗಿಲು ತಟ್ಟಿದ್ದ. ಸಮುದ್ರದಾಚೆಯ ಸೆರೆಶಿಬಿರದಲ್ಲಿ ಮೂರು ವರ್ಷ ಕಳೆದವನು, ಕೈಯಲ್ಲಿ ಒಂದು ಚೂರು ಕಾಗದವಿಲ್ಲದೆ ಬಂದಿದ್ದ. ಹಾಗೆ ಬಂದ ಸೈನಿಕರನ್ನು ಆರು ತಿಂಗಳು ತಪಾಸಣಾ ಶಿಬಿರದಲ್ಲಿ ಇಡಬೇಕೆಂದು ಸರ್ಕಾರದ ಆಜ್ಞೆಯಿತ್ತು. ಅಲ್ಲಿರುವುದು ಡೇರೆ ಮತ್ತು ಒದ್ದೆ ನೆಲ. ಅಣ್ಣನ ಎದೆ ಈಗಾಗಲೇ ಹರಿದ ತಿದಿಯ ಹಾಗೆ ಸದ್ದು ಮಾಡುತ್ತಿತ್ತು.

ಯುದ್ಧ ಮುಗಿದ ಮೇಲಿನ ಎರಡನೇ ಚಳಿಗಾಲ ಇನ್ನೇನು ಮುಗಿಯುವುದರಲ್ಲಿತ್ತು. ಗಂಡಸರು ಸಾಲದೆ ಪೊಲೀಸ್ ಇಲಾಖೆ ಪದವಿ ಓದಿದ ಹೆಣ್ಣುಮಕ್ಕಳನ್ನು ಠಾಣೆಗಳ ಬರವಣಿಗೆ ಕೆಲಸಕ್ಕೆ ತೆಗೆದುಕೊಂಡಿತ್ತು. ದೂರು, ಹೇಳಿಕೆ, ಪಂಚನಾಮೆಗಳನ್ನು ಬರೆಯುವುದು, ಬರೆದದ್ದನ್ನು ಸಂಬಂಧಪಟ್ಟವರಿಗೆ ಓದಿ ಹೇಳಿ ಸಹಿ ಹಾಕಿಸುವುದು ಅವಳ ಕೆಲಸ. ಬರೆಯುವುದಕ್ಕೆ ತೊಂದರೆಯಿರಲಿಲ್ಲ. ಓದುವಾಗ ಮಾತ್ರ ಧ್ವನಿ ಕೊರಳಪಟ್ಟಿಯೊಳಗೇ ಉಳಿದುಬಿಡುತ್ತಿತ್ತು.

“ರೈಟರಮ್ಮ, ನೀವು ಓದಿ ಹೇಳ್ತಿರೋದು ನಮಗೋ, ಶಾಯಿ ಬುಡ್ಡಿಗೋ?” ಎಂದು ಮೀಸೆ ದಫೇದಾರ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ. ಅವಳು ನಕ್ಕು ತಲೆ ತಗ್ಗಿಸುತ್ತಿದ್ದಳು.

ದೂರು ಬಂದದ್ದು ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ದೂರುದಾರಳು ಹಾಲು ಮಾರುವ ಹೆಂಗಸು. ವಯಸ್ಸು ಐವತ್ತರ ಹತ್ತಿರ, ಕಾಲಲ್ಲಿ ಗಂಡಸರ ಬೂಟು. ಇನ್‌ಸ್ಪೆಕ್ಟರ್ ತಮ್ಮ ಬಲಗಾಲನ್ನು ಮೇಜಿನ ಕೆಳಖಾನೆಯ ಮೇಲೆ ಚಾಚಿ ಕೂತಿದ್ದರು. ಆ ಮಂಡಿಯೊಳಗೆ ಯುದ್ಧದ ಒಂದು ಚೂರು ಕಬ್ಬಿಣ ಉಳಿದುಕೊಂಡಿತ್ತು. ಚಹಾಪುಡಿ ಸಿಗದೆ ತಿಂಗಳಾಗಿದ್ದರಿಂದ ಅವರ ಲೋಟದಲ್ಲಿದ್ದದ್ದು ಬರೀ ಬಿಸಿನೀರು.

“ಏನಮ್ಮ?”

“ಏಳು ಹಸು ಇತ್ತು ಸಾಹೇಬ್ರೆ. ಈಗ ಐದಿವೆ.”

“ಕಳವಾ?”

“ಕಳುವಾಗಿದ್ರೆ ಎಲ್ಲೋ ಬದುಕಿವೆ ಅಂತಾದ್ರೂ ಅಂದ್ಕೋತಿದ್ದೆ. ಹೊಟ್ಟೆಗಿಲ್ಲದೆ ನೆಲ ಹಿಡಿದು ಹೋದವು. ನಾಲ್ಕು ತಿಂಗಳಿಂದ ಪಶು ಆಹಾರದ ಗೋದಾಮಿಗೆ ಹೋಗಿ ನಿಂತ್ರೆ ಒಂದೇ ಉತ್ತರ. ಹಿಂಡಿ ಮುಗ್ಗಿದೆ, ಬೂಷ್ಟು ಹಿಡಿದಿದೆ, ನೀಲಿ ಹಾಕಿಬಿಟ್ಟಿದೀವಿ. ಮುಗ್ಗಿದ್ದನ್ನೇ ಕೊಡಿ, ತೊಳೆದು ಹಾಕ್ತೀನಿ ಅಂದೆ. ಕಾನೂನು ಬಿಡಲ್ಲ ಅಂದ್ರು.”

“ಕಾನೂನು ಬಿಡಲ್ಲ, ನಿಜ.”

“ಇದನ್ನ ಬಿಟ್ಟಿದೆಯಲ್ಲ.” ಅವಳು ಕರವಸ್ತ್ರದ ಗಂಟೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗೆ ಕಡಲೆಕಾಯಿ ಹಿಂಡಿಯ ಚೂರುಗಳು, ಕಂದು ಬಣ್ಣ, ಮುರಿದಲ್ಲಿ ಎಣ್ಣೆಯ ಹೊಳಪು. “ನಿನ್ನೆ ಮಧ್ಯಾಹ್ನ ಬಂದರಿನ ರಸ್ತೆ ತಿರುವಲ್ಲಿ ಗೋದಾಮಿನ ಗಾಡಿ ಹೋಯ್ತು. ಚೀಲದ ಹೊಲಿಗೆ ಬಿಟ್ಟಿತ್ತು. ಹಿಂದೆ ಹಿಂದೆ ನಡೆದು ಆಯ್ಕೊಂಡೆ. ಎಲ್ಲಿದೆ ನೀಲಿ? ಎಲ್ಲಿದೆ ಬೂಷ್ಟು? ಮೂಸಿ ನೋಡಿ, ನಿಮಗೇ ತಿನ್ಬೇಕು ಅನ್ಸುತ್ತೆ.”

ಇನ್‌ಸ್ಪೆಕ್ಟರ್ ಮೂಸಿದರು. ವಾಸನೆ ರೈಟರ್ ಹುಡುಗಿಯ ಮೇಜಿನವರೆಗೂ ಬಂತು. ಅವಳ ಲೇಖನಿ ನಿಂತಿತು. ಡಿಸೆಂಬರ್ ಇಪ್ಪತ್ತರಂದು ಅಣ್ಣ ಬಿಚ್ಚಿಟ್ಟ ಕೋಟನ್ನು ಅಮ್ಮ ಎರಡು ಸಲ ನೆನೆಸಿ ಒಗೆದರೂ ಹೋಗದಿದ್ದ ವಾಸನೆ ಇದೇ.

“ಬರೀತಿದೀಯೇನಮ್ಮ?” ಎಂದರು ಇನ್‌ಸ್ಪೆಕ್ಟರ್.

“ಬರೀತಿದೀನಿ ಸಾರ್.”

ಎಫ್‌ಐಆರ್ ಸಂಖ್ಯೆ ನಲವತ್ತೊಂದು. ಪಶು ಆಹಾರವನ್ನು ಸಮುದ್ರ ದಾಟಿಸುವುದನ್ನು ಕೊರತೆ ಕಾಯ್ದೆ ನಿಷೇಧಿಸಿತ್ತು. ಕೆಟ್ಟುಹೋದ ಹಿಂಡಿಯನ್ನು ಮಾತ್ರ, ಯಾರೂ ಪ್ರಾಣಿಗೆ ಹಾಕದಂತೆ ನೀಲಿ ಬಣ್ಣ ಕಲಸಿ, ಗೊಬ್ಬರವೆಂದು ಹೊರಗೆ ಕಳಿಸಬಹುದಿತ್ತು. ಹಾಲಿನವಳು ತಂದ ಚೂರುಗಳನ್ನು ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಲಾಯಿತು.

“ಲಕೋಟೆ ಯಾಕೆ ಸಾಹೇಬ್ರೆ, ಐದು ಹಸು ಕಾಯ್ತಿವೆ” ಎಂದಳು ಅವಳು.

ಗೋದಾಮು ತಲುಪಿದಾಗ ಹನ್ನೆರಡು ಗಂಟೆ. ಉದ್ದನೆಯ ಇಟ್ಟಿಗೆ ಕಟ್ಟಡ. ಮಾಡಿನ ತಗಡನ್ನು ಯುದ್ಧದಲ್ಲಿ ಕಿತ್ತುಕೊಂಡು ಹೋಗಿದ್ದರು, ಈಗ ಟಾರ್ಪಾಲು ಹೊದಿಸಿತ್ತು. ಒಳಗೆ ನಾಲ್ಕು ಸಾಲು ಚೀಲಗಳು, ಮಿಕ್ಕಿದ್ದೆಲ್ಲ ಖಾಲಿ ನೆಲ. ಪಂಚರಾಗಿ ಎದುರಿನ ಕ್ಷೌರಿಕನನ್ನೂ ದೀಪದಂಗಡಿಯವನನ್ನೂ ಕರೆಸಲಾಯಿತು. ಕ್ಷೌರಿಕ ಬರುವಾಗ ಗಿರಾಕಿಯ ಅರ್ಧ ಕೆನ್ನೆಗೆ ಸಾಬೂನು ಹಾಗೇ ಬಿಟ್ಟು ಬಂದಿದ್ದ.

ಗೋದಾಮಿನ ಮೇಲ್ವಿಚಾರಕರನ್ನು ಊರೆಲ್ಲ ಕರೆಯುತ್ತಿದ್ದದ್ದು ಮೇಷ್ಟ್ರು ಎಂದು. ಯುದ್ಧಕ್ಕೆ ಮೊದಲು ಗಂಡುಮಕ್ಕಳ ಶಾಲೆಯಲ್ಲಿ ಕೊನೆಯ ತರಗತಿಗೆ ಪಾಠ ಹೇಳುತ್ತಿದ್ದರು. ಶಾಲೆಯನ್ನು ಪಡೆಯವರು ಬಿಡಾರ ಮಾಡಿಕೊಂಡ ಮೇಲೆ ಅವರಿಗೆ ಈ ಕೆಲಸ ಸಿಕ್ಕಿತ್ತು. ಸಣ್ಣ ಆಳು. ಮೊಣಕೈಯಲ್ಲಿ ತೇಪೆ ಹಾಕಿದ ಕೋಟು, ತೇಪೆಯ ಹೊಲಿಗೆ ಮಾತ್ರ ಅಳತೆಪಟ್ಟಿ ಇಟ್ಟು ಹಾಕಿದಷ್ಟು ನೇರ.

“ಕೆಟ್ಟ ಮಾಲಿನ ಪುಸ್ತಕ ಕೊಡಿ ಮೇಷ್ಟ್ರೆ” ಎಂದರು ಇನ್‌ಸ್ಪೆಕ್ಟರ್.

ಕೊಟ್ಟರು. ನವೆಂಬರಿನಿಂದ ಈಚೆಗೆ ಆರು ಕಂತು, ಕಂತಿಗೆ ಇನ್ನೂರ ನಲವತ್ತು ಚೀಲ. ಪ್ರತಿ ಕಂತಿಗೂ ಪಶುವೈದ್ಯರ ಪ್ರಮಾಣಪತ್ರ, ಮೂರು ಮೂರು ಡಬ್ಬಿ ನೀಲಿ ಬಣ್ಣ. ಕೊನೆಯ ಕಂತಿಗೆ ಬಣ್ಣ ಕಲಸಿದ್ದು ಮಾರ್ಚ್ ನಾಲ್ಕು ಎಂದಿತ್ತು. ಮೂಲೆಯಲ್ಲಿ ಹದಿನೆಂಟು ಡಬ್ಬಿಗಳನ್ನು ಗೋಪುರದಂತೆ ಪೇರಿಸಿಟ್ಟಿದ್ದರು. ಒಂದರ ತಳದಲ್ಲಿ ಬೆರಳುದ್ದ ಬಣ್ಣ ಉಳಿದಿತ್ತು. ದಫೇದಾರ ಅದರಲ್ಲಿ ಬೆರಳದ್ದಿ, ನೋಡಿ, ಅಭ್ಯಾಸಬಲದಿಂದ ಮೀಸೆ ತೀಡಿಕೊಂಡ.

“ಯಾರು ಕಲಸಿದ್ದು?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಹಮಾಲರು” ಎಂದರು ಮೇಷ್ಟ್ರು.

“ಎಲ್ರೂ ಬನ್ನಿ. ಕೈ ಚಾಚಿ.”

ಎಂಟು ಜನ ಹಮಾಲರು ಸಾಲಾಗಿ ನಿಂತು ಅಂಗೈ ತೋರಿಸಿದರು. ಹಿರಿಯವನು ನಕ್ಕ. “ಭವಿಷ್ಯ ಹೇಳ್ತೀರಾ ಸಾಹೇಬ್ರೆ?”

“ಇಲ್ಲಪ್ಪ, ಭೂತಕಾಲ.” ಇನ್‌ಸ್ಪೆಕ್ಟರ್ ಒಂದೊಂದೇ ಅಂಗೈ ತಿರುಗಿಸಿ ಉಗುರಿನ ಸಂದು ನೋಡುತ್ತಾ ಹೋದರು. ಹದಿನಾರು ಕೈಗಳಲ್ಲಿ ಜಡ್ಡುಗಟ್ಟಿದ ಚರ್ಮವಿತ್ತು, ಸೆಣಬಿನ ಗೀರುಗಳಿದ್ದವು. ನೀಲಿ ಎಲ್ಲೂ ಇರಲಿಲ್ಲ.

ದಫೇದಾರ ಅಷ್ಟರಲ್ಲಿ ಹೊರಗಿನ ನಲ್ಲಿಯಲ್ಲಿ ಬೂದಿ ಹಾಕಿ, ಮರಳು ಹಾಕಿ ಬೆರಳು ಉಜ್ಜುತ್ತಿದ್ದ. “ಹೋಗ್ತಾ ಇಲ್ಲ ಸಾರ್!”

“ಹೋಗಲ್ಲ. ಉಗುರು ಬೆಳೆದು ಹೋಗ್ಬೇಕಷ್ಟೆ.” ಇನ್‌ಸ್ಪೆಕ್ಟರ್ ಮೇಷ್ಟ್ರ ಕಡೆ ತಿರುಗಿದರು. “ಐದು ದಿನದ ಕೆಳಗೆ ಇನ್ನೂರ ನಲವತ್ತು ಚೀಲ ಕಲಸಿದವರ ಕೈ ನನ್ನ ಕೈಗಿಂತ ಚೊಕ್ಕಟವಾಗಿದೆ.”

ಮೇಷ್ಟ್ರು ಪಂಚನಾಮೆ ಬರೆಯುತ್ತಿದ್ದ ಹುಡುಗಿಯತ್ತ ಒಮ್ಮೆ ನೋಡಿದರು, ಎಲ್ಲೋ ನೋಡಿದ ಮುಖ ಎಂಬಂತೆ. ಆಮೇಲೆ ದೃಷ್ಟಿ ಬೇರೆ ಕಡೆ ಸರಿಸಿದರು.

ಪಂಚನಾಮೆ ಮುಗಿದಾಗ ಎರಡು ಗಂಟೆ ಹತ್ತು ನಿಮಿಷ. ದೀಪದಂಗಡಿಯವನು ಸಹಿ ಮಾಡುತ್ತಾ ದಫೇದಾರನನ್ನೇ ನೋಡಿ, “ಎಡಮೀಸೆ ಮಾತ್ರ ಯಾಕೆ ಸ್ವಾಮಿ, ಬಲಕ್ಕೂ ಹಚ್ಕೊಳ್ಳಿ, ಜೋಡಿಯಾಗುತ್ತೆ” ಎಂದ. ಪ್ರಕರಣ ಮುಗಿಯುವ ತನಕ ದಫೇದಾರನ ಎಡಮೀಸೆಯ ತುದಿ ನೀಲಿಯಾಗಿಯೇ ಇತ್ತು.

ಮರುದಿನ ಹತ್ತನೇ ತಾರೀಖು. ಹಿಂಡಿಗೆ ಹೋಗದ ಬಣ್ಣ ಎಲ್ಲಿಗೆ ಹೋಯಿತು ಎಂಬುದು ಇನ್‌ಸ್ಪೆಕ್ಟರರ ಮೊದಲ ಪ್ರಶ್ನೆ. ಚರಂಡಿಗೆ ಸುರಿದಿದ್ದರೆ ಗೋದಾಮಿನ ಹಿಂದಿನ ಮೋರಿ ನೀಲಿಯಾಗಿರಬೇಕಿತ್ತು, ಅದು ಎಂದಿನಂತೆ ಕಪ್ಪಗೇ ಇತ್ತು. ಮೋರಿಯ ದಾರಿ ಹಿಡಿದು ನಡೆದರೆ ಹಮಾಲರ ಸಾಲುಮನೆ. ತಿರುವಿನಲ್ಲೇ ಇನ್‌ಸ್ಪೆಕ್ಟರ್ ನಿಂತುಬಿಟ್ಟರು.

ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಟ್ಟಿದ ಹಗ್ಗಗಳ ಮೇಲೆ ನೀಲಿ ಬಟ್ಟೆಗಳು ಒಣಗುತ್ತಿದ್ದವು. ನೀಲಿ ಕೋಟು, ನೀಲಿ ಲಂಗ, ಕೂಸಿನ ಅಂಗೈಯಗಲದ ನೀಲಿ ಟೊಪ್ಪಿ. ಹತ್ತಿರ ಹೋಗಿ ಮುಟ್ಟಿದರೆ ಎಲ್ಲವೂ ಪಡೆಯ ಕಂಬಳಿ. ಪಡೆಯ ಬಣ್ಣದ ಬಟ್ಟೆಯನ್ನು ನಾಗರಿಕರು ತೊಟ್ಟರೆ ದಂಡವಿತ್ತು. ಬೇರೆ ಬಣ್ಣ ಹಾಕಿಕೊಂಡರೆ ಇರಲಿಲ್ಲ.

ಬಾಗಿಲಲ್ಲಿ ಹಮಾಲನೊಬ್ಬನ ಹೆಂಡತಿ ನಿಂತಿದ್ದಳು. ಮೊಣಕೈವರೆಗೂ ನೀಲಿ.

“ಬಣ್ಣ ಎಲ್ಲಿಂದ ಬಂತಮ್ಮ?”

“ಅಂಗಡಿಯಿಂದ.”

“ಯಾವ ಅಂಗಡಿ?”

“ಮುಚ್ಚಿಹೋಯ್ತು.”

“ಸುಳ್ಳು ಹೇಳೋಕೆ ಬರಲ್ಲ ನಿನಗೆ. ಮೇಷ್ಟ್ರು ಕೊಟ್ರಾ?”

ಅವಳು ಸೆಟೆದು ನಿಂತಳು. “ಕೊಟ್ರು. ಏನೀಗ? ನನ್ನ ಮಗಳು ಎರಡು ಚಳಿಗಾಲ ಗೋಣಿ ಸುತ್ಕೊಂಡು ಶಾಲೆಗೆ ಹೋದ್ಲು. ಆಗ ಯಾವ ಪೊಲೀಸೂ ಪಂಚನಾಮೆ ಮಾಡೋಕೆ ಬರಲಿಲ್ಲ.”

ಹಿಂತಿರುಗುವಾಗ ಇನ್‌ಸ್ಪೆಕ್ಟರ್ ಕುಂಟುತ್ತಾ ಹೇಳಿದರು: “ಮೋರಿಗೆ ಸುರಿದಿದ್ರೆ ನಾನು ಇಲ್ಲೀತನಕ ಬರ್ತಾನೇ ಇರ್ಲಿಲ್ಲ. ಹದಿನೆಂಟು ಡಬ್ಬಿ ಬಣ್ಣ ಎಸೆಯೋಕೆ ಮನಸ್ಸು ಬರಲಿಲ್ಲ ನೋಡಿ. ಈ ಕಾಲದಲ್ಲಿ ಯಾರಿಗೆ ಬಂದೀತು?”

ಮಧ್ಯಾಹ್ನ ಮೂರಕ್ಕೆ ಪಶುವೈದ್ಯರ ಹೇಳಿಕೆ. ಮೂರು ಜಿಲ್ಲೆಗೆ ಒಬ್ಬರೇ ವೈದ್ಯರು, ಔಷಧದ ಕಪಾಟಿನ ಪಕ್ಕದ ಮಂಚದಲ್ಲಿ ಬೂಟು ಹಾಕಿಕೊಂಡೇ ಮಲಗಿದ್ದರು.

“ಗೋದಾಮಿಗೆ ಹೋಗಿ ಚೀಲ ಚುಚ್ಚಿ ನೋಡಿದ್ರಾ?”

“ಮೇಷ್ಟ್ರು ಜಾಡಿಯಲ್ಲಿ ಮಾದರಿ ತಂದು ತೋರಿಸ್ತಿದ್ರು. ಬೂಷ್ಟು ಇತ್ತು, ಸಹಿ ಹಾಕ್ತಿದ್ದೆ.”

“ಆರು ಸಲವೂ ಅದೇ ಜಾಡಿನಾ?”

ವೈದ್ಯರು ಎದ್ದು ಕೂತರು. “ಇರಬಹುದು. ನನ್ನ ಸೈಕಲ್ಲಿಗೆ ಟೈರಿಲ್ಲ ಇನ್‌ಸ್ಪೆಕ್ಟರೇ. ಮೇಷ್ಟ್ರು ಅಂತ ನಂಬಿದೆ. ಅವರನ್ನೂ ನಂಬದಿದ್ರೆ ಇನ್ನು ಯಾರನ್ನ ನಂಬಲಿ ಹೇಳಿ.”

ಹನ್ನೊಂದರಂದು ಬಂದರಿಗೆ ಹೋದರು. ಹಡಗುಕಟ್ಟೆಯ ಕೊಟ್ಟಿಗೆಯಲ್ಲಿ ಆರನೇ ಕಂತಿನ ಇನ್ನೂರ ನಲವತ್ತು ಚೀಲಗಳು ಸಿಕ್ಕವು. ಹನ್ನೆರಡು ಚೀಲಗಳಿಗೆ ಮಾದರಿ ಕೊಳವೆ ಚುಚ್ಚಿ ನೋಡಿದರು. ಹನ್ನೆರಡರಲ್ಲೂ ಒಳ್ಳೆಯ ಹಿಂಡಿ. ಚೀಲಗಳನ್ನು ಹಾಗೇ ಬಿಡಿ ಎಂದರು ಇನ್‌ಸ್ಪೆಕ್ಟರ್. ಮರುದಿನ ಹಡಗು ಬರುವುದಿತ್ತು, ಮಾಲು ಏರಿಸಲು ಮೇಷ್ಟ್ರೇ ಬಂದು ಸಹಿ ಹಾಕಬೇಕಿತ್ತು.

“ಹಿಂದಿನ ಐದು ಸಲದ ವಿವರ ಬಂದರು ಕಚೇರಿಯಲ್ಲಿ ನಕಲು ಮಾಡ್ಕೊಂಡು ಬಾಮ್ಮ. ತಾರೀಖು, ಸರಕು, ತೂಕ. ಅಷ್ಟು ಸಾಕು.”

ಬಂದರಿನ ಗುಮಾಸ್ತ ಪುಸ್ತಕವನ್ನು ಅವಳ ಮುಂದೆ ತಳ್ಳಿ ತನ್ನ ಒಣರೊಟ್ಟಿಗೆ ಮರಳಿದ. ಅವಳು ಬರೆಯತೊಡಗಿದಳು. ಐದು ಸಲವೂ ಅದೇ ಸಣ್ಣ ಹಡಗು. ಹೊರಟದ್ದು ನವೆಂಬರ್ ಎರಡು, ಮರಳಿದ್ದು ಎಂಟು. ಹೊರಟದ್ದು ನವೆಂಬರ್ ಇಪ್ಪತ್ಮೂರು, ಮರಳಿದ್ದು ಇಪ್ಪತ್ತೊಂಬತ್ತು. ಹೊರಟದ್ದು ಡಿಸೆಂಬರ್ ಹದಿನಾಲ್ಕು, ಮರಳಿದ್ದು ಇಪ್ಪತ್ತು.

ಇಪ್ಪತ್ತು. ಅಣ್ಣ ಬಾಗಿಲು ತಟ್ಟಿದ ದಿನ.

ಸಾಲಿನ ಕೊನೆಯಲ್ಲಿ ಇನ್ನೊಂದು ಅಂಕಣವಿತ್ತು, ಹಡಗಿನಲ್ಲಿದ್ದ ಜನ. ಹೋಗುವಾಗ ಐದು, ಬರುವಾಗ ಆರು. ಅವಳು ಬೆರಳಿಟ್ಟು ಮೇಲಿನ ಸಾಲು ನೋಡಿದಳು, ಕೆಳಗಿನದನ್ನೂ ನೋಡಿದಳು. ಐದು ಸಲವೂ ಅಷ್ಟೇ. ಹಡಗು ಹಿಂಡಿ ಹೊತ್ತು ಹೋಗಿತ್ತು, ಖಾಲಿ ಬಂದಿತ್ತು, ಪ್ರತಿ ಸಲವೂ ಹೋದದ್ದಕ್ಕಿಂತ ಒಬ್ಬನನ್ನು ಹೆಚ್ಚು ತಂದಿತ್ತು. ಬರೆದವರಿಗಾಗಲಿ ಮೊಹರು ಒತ್ತಿದವರಿಗಾಗಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ.

ತಾರೀಖು, ಸರಕು, ತೂಕ, ಅಷ್ಟು ಸಾಕು ಎಂದಿದ್ದರು. ಅವಳು ಅಷ್ಟೇ ಬರೆದಳು. ಕೊನೆಯ ಅಂಕಣವನ್ನು ಬಿಟ್ಟಳು. ಪುಸ್ತಕ ಮುಚ್ಚಿ ಹಿಂದಿರುಗಿಸಿದಳು.

ಸಂಜೆ ಐದೂವರೆಗೆ ಮನೆಗೆ ಬಂದಳು. ಇನ್ನೂ ಬೆಳಕಿತ್ತು. ಅಣ್ಣ ಹಿಂದಿನ ಕೋಣೆಯಲ್ಲಿ, ಬೀದಿಗೆ ಕಾಣದಂತೆ, ಗೋಡೆಗೆ ಒರಗಿ ಕೂತು ಬಟಾಣಿ ಸುಲಿಯುತ್ತಿದ್ದ. ಅಮ್ಮ ಕಿಟಕಿಯ ಪರದೆಯನ್ನು ಹೊಲಿದೇ ಬಿಟ್ಟಿದ್ದಳು.

“ಬಂದ್ಯಾ ಪೊಲೀಸಮ್ಮ. ಇವತ್ತು ಎಷ್ಟು ಜನರನ್ನ ಒಳಗೆ ಹಾಕಿದೆ?”

“ಅಣ್ಣಾ, ನೀನು ಬಂದ ಹಡಗಲ್ಲಿ ಹೋಗುವಾಗ ಏನಿತ್ತು ಅಂತ ಗೊತ್ತಾ ನಿಂಗೆ?”

ಅವನ ಕೈ ನಿಂತಿತು. “ಹಿಂಡಿ. ಆಚೆ ದಡದಲ್ಲೂ ಹಸುಗಳಿವೆ, ಅವಕ್ಕೂ ಹಸಿವಿದೆ. ಅಲ್ಲಿ ಅದಕ್ಕೆ ಚಿನ್ನದ ಬೆಲೆ. ಖಾಲಿಯಾದ ಗೋಣಿಗಳ ಕೆಳಗೆ ಮಲಗಿ ಬಂದೆ.”

“ನಿನ್ನನ್ನೇ ಯಾಕೆ ಕರ್ಕೊಂಡು ಬಂದ್ರು?”

ಅಣ್ಣ ಒಂದಷ್ಟು ಕೆಮ್ಮಿ, ಬಾಯಿ ಒರೆಸಿಕೊಂಡು ಹೇಳಿದ. “ಹಡಗಿನವನು ಶಿಬಿರದ ಬೇಲಿ ಹತ್ರ ಬಂದು ನಿಂತು ‘ಹದಿನೇಳು’ ಅಂದ. ಹೆಸರಲ್ಲ ಕಣೇ. ಬರೀ ಹದಿನೇಳು. ಶಾಲೇಲಿ ನನ್ನ ಹಾಜರಿ ನಂಬರು. ಮೂರು ವರ್ಷ ಆದ್ಮೇಲೆ ಯಾರೋ ಹಾಜರಿ ಕೂಗಿದ್ರು. ಯೋಚನೆ ಮಾಡದೆ ‘ಬಂದೆ ಸಾರ್’ ಅಂದ್ಬಿಟ್ಟೆ. ಆಮೇಲೆ ಗೊತ್ತಾಯ್ತು ಅದು ಮೇಷ್ಟ್ರು ಕಳಿಸಿದ್ದು ಅಂತ.”

ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಮೂವರಿಗೂ ನೆನಪಿತ್ತು. ಯುದ್ಧದ ಎರಡನೇ ವರ್ಷ ಮೇಷ್ಟ್ರು ತಮ್ಮ ತರಗತಿಯ ಮೂವತ್ತೊಂದು ಹುಡುಗರನ್ನು ಎರಡು ಸಾಲಾಗಿ ನಿಲ್ಲಿಸಿ, ಹಾಡು ಹೇಳಿಸುತ್ತಾ, ಪಡೆಗೆ ಸೇರಿಸುವ ಕಚೇರಿಗೆ ನಡೆಸಿಕೊಂಡು ಹೋಗಿದ್ದರು. ದಾರಿಯುದ್ದಕ್ಕೂ ಜನ ಕಿಟಕಿ ತೆರೆದು ಚಪ್ಪಾಳೆ ತಟ್ಟಿದ್ದರು. ಅಮ್ಮನೂ ತಟ್ಟಿದ್ದಳು.

“ನಾಳೆ ಅವರನ್ನ ಹಿಡೀತಾರೆ” ಎಂದಳು ಹುಡುಗಿ. “ಸ್ವಂತ ಲಾಭಕ್ಕೆ ಮಾಡಿದ್ರೆ ಗಲ್ಲು. ಇಲ್ಲದಿದ್ರೆ ಏಳು ವರ್ಷ. ಲಾಭಕ್ಕಲ್ಲ ಅಂತ ಯಾರಾದ್ರೂ ಹೇಳ್ಬೇಕು.”

“ಹೇಳಿದ್ರೆ ಇವನನ್ನ ಡೇರೆಗೆ ಹಾಕ್ತಾರೆ” ಎಂದಳು ಅಮ್ಮ. “ಆರು ತಿಂಗಳು. ಈ ಎದೆ ಇಟ್ಕೊಂಡು. ನೀನು ಯಾವ ಬಾಯಲ್ಲೇ ಹೇಳ್ತೀಯ?”

ಅಣ್ಣ ಬಟಾಣಿಯ ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡಿದ. “ನಾನು ಹೇಳಬೇಡ ಅನ್ನಲ್ಲ. ಹೇಳು ಅನ್ನೋಕೆ ಧೈರ್ಯವೂ ಇಲ್ಲ. ನನ್ನನ್ನ ಕೇಳಬೇಡ.”

ಆ ದಿನ ಅವಳು ದಿನಚರಿ ತೆರೆಯಲಿಲ್ಲ.

ಮಾರ್ಚ್ ಹನ್ನೆರಡು, ಬೆಳಿಗ್ಗೆ ಹನ್ನೊಂದು. ಹಡಗುಕಟ್ಟೆಯಲ್ಲಿ ಅಡಗಿ ನಿಲ್ಲಲು ಉದ್ದಣ್ಣ ಎಂಬ ಕಾನ್‌ಸ್ಟೇಬಲನನ್ನು ಹಗ್ಗದ ಉರುಳೆಗಳ ಹಿಂದೆ ಕಳಿಸಿದ್ದರು. ಆರಡಿ ಮೂರಂಗುಲದ ಉದ್ದಣ್ಣನನ್ನು ಮುಚ್ಚುವಷ್ಟು ಎತ್ತರದ ಉರುಳೆ ಆ ಬಂದರಿನಲ್ಲಿರಲಿಲ್ಲ. ಸಣ್ಣ ಹಡಗು ಬಂದರಿನ ಬಾಯಿಯವರೆಗೆ ಬಂದು, ಅವನ ಟೊಪ್ಪಿ ಕಂಡು, ಒಂದು ಕ್ಷಣ ನಿಂತು, ತಿರುಗಿ ಹೋಯಿತು.

“ಕೂತ್ಕೋಬಾರದಿತ್ತೇನೋ?” ಎಂದ ದಫೇದಾರ.

“ಕೂತೇ ಇದ್ದೆ ಅಣ್ಣ.”

ಹಡಗು ಹೋದರೂ ಮೇಷ್ಟ್ರು ಹೋಗಲಿಲ್ಲ. ಸಹಿ ಹಾಕಲು ತಂದ ಕಾಗದ ಹಿಡಿದು, ನೀರಿನ ಮೇಲೆ ಹಡಗು ಚುಕ್ಕೆಯಾಗುವ ತನಕ ನೋಡುತ್ತಾ ನಿಂತಿದ್ದರು. ಬಂಧನದ ಸಮಯ ಹನ್ನೊಂದು ಮೂವತ್ತೈದು. ಬೇಡಿ ಹಾಕಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಚಿ ಅವರೇ ಇನ್‌ಸ್ಪೆಕ್ಟರರ ಕೈಗೆ ಕೊಟ್ಟರು.

ಅವರ ವಾಸ ಗೋದಾಮಿನ ಹಿಂದಿನ ಒಂದೇ ಕೋಣೆ. ಒಂದು ಮಂಚ, ಒಂದು ತಟ್ಟೆ, ಕಿಟಕಿಯ ಮೇಲೆ ಬೂಷ್ಟು ಹಿಡಿದ ಹಿಂಡಿಯ ಗಾಜಿನ ಜಾಡಿ. ದುಡ್ಡಿನ ಗಂಟು, ಸಿಗರೇಟು, ಹೊಸ ಬಟ್ಟೆ, ಡಬ್ಬಿ ಹಾಲು ಯಾವುದೂ ಸಿಗಲಿಲ್ಲ. ದಫೇದಾರ ಹಾಸಿಗೆಯ ಹೊಲಿಗೆ ಬಿಚ್ಚಿ ನೋಡಿ, ಹುಲ್ಲು ಮತ್ತೆ ಒಳಗೆ ತುಂಬಿದ. ಮೇಜಿನ ಖಾನೆಯಲ್ಲಿದ್ದದ್ದು ಶಾಲೆಯ ಹಾಜರಿ ಪುಸ್ತಕವೊಂದೇ. ಹೆಸರುಗಳಿದ್ದ ಮೊದಲ ಪುಟವನ್ನು ಹರಿದು ತೆಗೆದಿತ್ತು. ಮುಂದಿನ ಪುಟಗಳಲ್ಲಿ ಬರೀ ಸಂಖ್ಯೆಗಳು, ಒಂದರಿಂದ ಮೂವತ್ತೊಂದು. ಕೊನೆಯ ಪುಟದಲ್ಲಿ ಐದು ಸಂಖ್ಯೆಗಳ ಮುಂದೆ ಹಾಜರಿಯ ಗೀಟು ಎಳೆದಿತ್ತು: ನಾಲ್ಕು, ಒಂಬತ್ತು, ಹದಿನೇಳು, ಇಪ್ಪತ್ತೆರಡು, ಮೂವತ್ತು. ಇಪ್ಪತ್ತಾರರ ಮುಂದೆ ಪೆನ್ಸಿಲಿನ ಒಂದು ಚುಕ್ಕಿ ಮಾತ್ರ.

“ಇದೇನು ಮೇಷ್ಟ್ರೆ?”

“ಹಳೇ ಅಭ್ಯಾಸ.”

“ಶಾಲೆ ಮುಚ್ಚಿ ಐದು ವರ್ಷವಾಯ್ತು. ಈ ಶಾಯಿ ಹೊಸದು.”

ಮೇಷ್ಟ್ರು ಚುಕ್ಕಿಯನ್ನೇ ನೋಡುತ್ತಿದ್ದರು. ಜಪ್ತಿ ಪಟ್ಟಿಯಲ್ಲಿ ರೈಟರ್ ಹುಡುಗಿ ಬರೆದಳು: ಹಾಜರಿ ಪುಸ್ತಕ ಒಂದು, ಮೊದಲ ಪುಟ ಇಲ್ಲ, ಕೊನೆಯ ಪುಟದಲ್ಲಿ ಗೀಟು ಎಳೆದ ಸಂಖ್ಯೆಗಳು ಐದು. ಹದಿನೇಳು ಎಂಬ ಸಂಖ್ಯೆ ಬರೆಯುವಾಗ ಅಕ್ಷರ ಸ್ವಲ್ಪವೂ ನಡುಗಲಿಲ್ಲ. ಹಾಗೆ ಬರೆಯಬಲ್ಲೆನೆಂದು ತಿಳಿದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೂರೂವರೆಗೆ ಹಾಲಿನವಳನ್ನು ಕರೆಸಿದರು, ಗಾಡಿಯ ಗುರುತಿಗೆ. ಬೆಂಚಿನ ಮೇಲೆ ಮೇಷ್ಟ್ರನ್ನು ಕಂಡು ಅವಳು ನಿಂತಳು.

“ಎರಡು ಹಸು ಮೇಷ್ಟ್ರೆ.”

ಮೇಷ್ಟ್ರು ಎದ್ದು ನಿಂತರು. “ಗೊತ್ತಮ್ಮ. ನಿನ್ನವು ಎರಡು. ಊರಲ್ಲಿ ಒಟ್ಟು ನಲವತ್ತು. ಆಸ್ಪತ್ರೆಯ ಕೂಸುಗಳಿಗೆ ಹಾಲು ಅರ್ಧವಾದದ್ದೂ ಗೊತ್ತು.”

ಬೈಯಲು ಸಿದ್ಧಳಾಗಿ ಬಂದವಳು ಗುರುತಿನ ಕಾಗದಕ್ಕೆ ಹೆಬ್ಬೆಟ್ಟೊತ್ತಿ, ಜಪ್ತಿಯಾದ ಹಿಂಡಿ ಯಾವಾಗ ಸಿಗುತ್ತದೆಂದು ಕೇಳಿದಳು. ನ್ಯಾಯಾಲಯದ ಅನುಮತಿ ಬರಬೇಕು ಎಂದರು. “ಅದನ್ನ ಹಸುಗಳಿಗೆ ನೀವೇ ಹೇಳಿ” ಎಂದು ಹೊರಟುಹೋದಳು.

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಇನ್‌ಸ್ಪೆಕ್ಟರರ ಕೋಣೆ.

“ಹಿಂಡಿ ಸಾಗಿಸಿದ್ದು ಯಾರು?”

“ನಾನು.”

“ಹಮಾಲರು?”

“ಅವರಿಗೆ ಗೊತ್ತಿಲ್ಲ. ಬಣ್ಣ ಮೊದಲೇ ಕಲಸಿದೆ ಅಂತ ಹೇಳಿದ್ದೆ. ವೈದ್ಯರಿಗೂ ಗೊತ್ತಿಲ್ಲ.”

“ಬದಲಿಗೆ ಏನು ತಗೊಂಡ್ರಿ?”

“ಏನೂ ಇಲ್ಲ.”

“ಸಾವಿರದ ಇನ್ನೂರು ಚೀಲ ಪುಕ್ಕಟೆ ಕೊಟ್ರಿ ಅಂತ ಯಾವ ನ್ಯಾಯಾಧೀಶರೂ ನಂಬಲ್ಲ.” ಇನ್‌ಸ್ಪೆಕ್ಟರ್ ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟರು. “ನಾನೂ ಸೆರೆಶಿಬಿರ ನೋಡಿದವನೇ. ನನಗೆ ಏನೋ ಅನ್ನಿಸ್ತಿದೆ. ಆದ್ರೆ ಅನ್ನಿಸಿದ್ದನ್ನ ದೋಷಾರೋಪ ಪಟ್ಟಿಯಲ್ಲಿ ಬರೆಯೋಕಾಗಲ್ಲ. ಹಡಗಿನವನು ಹೋದ. ಹೆಸರಿನ ಪುಟ ನೀವು ಹರಿದುಬಿಟ್ರಿ. ಸಾಕ್ಷಿ ಕೊಡಿ ಮೇಷ್ಟ್ರೆ. ಒಬ್ಬರು ಸಾಕು.”

“ಯಾರೂ ಇಲ್ಲ.”

“ಗಲ್ಲು ಅಂತ ಗೊತ್ತಲ್ಲ?”

“ಒಂದು ಸಲ ಹುಡುಗರನ್ನ ಸಾಲಾಗಿ ನಿಲ್ಲಿಸಿ ಕಚೇರಿಗೆ ಒಪ್ಪಿಸಿದೀನಿ. ಇನ್ನೊಂದು ಸಲ ಒಪ್ಪಿಸಲ್ಲ. ಲಾಭಕ್ಕೆ ಅಂತ ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ಮಂಡಿ ಉಜ್ಜಿಕೊಂಡರು. ಆಮೇಲೆ, ದಿನವಿಡೀ ಹೊರೆ ಹೊತ್ತವನು ಕೊನೆಯದನ್ನು ಇಳಿಸುವ ಹಾಗೆ, ಒಂದೊಂದೇ ವಾಕ್ಯ ಹೇಳಿ ಬರೆಸಿದರು. ಹೇಳಿಕೆ ಒಂದೂವರೆ ಪುಟವಾಯಿತು.

“ಓದಿ ಹೇಳಮ್ಮ. ಸಹಿ ಹಾಕಿಸ್ಕೊಳ್ಳೋಣ.”

ಅವಳು ಎದ್ದು ನಿಂತಳು. ಕಾಗದ ಮುಖದ ಹತ್ತಿರ ಹಿಡಿದು ಓದತೊಡಗಿದಳು. ನವೆಂಬರ್ ಎರಡರಿಂದ ಆರಂಭಿಸಿ. ಇನ್ನೂರ ನಲವತ್ತು ಚೀಲದಂತೆ. ಸುಳ್ಳು ಮಾದರಿ ತೋರಿಸಿ.

“ಕೇಳಿಸ್ತಿಲ್ಲ ರೈಟರಮ್ಮ” ಎಂದ ದಫೇದಾರ, ಈ ಸಲ ತಮಾಷೆಯಿಲ್ಲದೆ.

ಮೇಷ್ಟ್ರು ಅವಳತ್ತ ತಿರುಗಿದರು. ಗೋದಾಮಿನಲ್ಲಿ ಗುರುತು ಹತ್ತದಿದ್ದ ಮುಖ ಈಗ ಹತ್ತಿತೆಂದು ಅವರ ಕಣ್ಣು ಹೇಳಿತು. ಅಣ್ಣ ತಂಗಿಗೆ ಒಂದೇ ಬಗೆಯ ಹುಬ್ಬು. ಅವರು ಬೇಡ ಎನ್ನುವಂತೆ ಬಹಳ ಮೆಲ್ಲಗೆ ತಲೆಯಾಡಿಸಿದರು.

“ಈ ಎಲ್ಲವನ್ನೂ ನಾನು ನನ್ನ ಸ್ವಂತ” ಎಂದು ಓದಿ ಅವಳು ನಿಂತಳು.

ಮುಂದಿನ ಪದ ‘ಲಾಭಕ್ಕಾಗಿ’. ಅವಳದೇ ಅಕ್ಷರ, ಚೊಕ್ಕ, ದುಂಡಗೆ. ಹಿಂದಿನ ಕೋಣೆ, ಹೊಲಿದ ಪರದೆ, ಒಲೆಯ ಮುಂದೆ ಅಮ್ಮನ ಬೆನ್ನು, ಗೋಡೆಗೆ ಒರಗಿದ ಅಣ್ಣನ ಎದೆಯ ಸದ್ದು. ಕಾಗದವನ್ನು ಮೇಜಿನ ಮೇಲಿಟ್ಟಳು.

“ಏನಾಯ್ತಮ್ಮ?”

“ಬಂದರಿನ ಪುಸ್ತಕದಲ್ಲಿ ಒಂದು ಅಂಕಣ ನಾನು ಬರ್ಕೊಂಡಿಲ್ಲ ಸಾರ್. ಹಡಗಲ್ಲಿ ಹೋಗುವಾಗ ಐದು ಜನ, ಬರುವಾಗ ಆರು. ಐದು ಸಲವೂ ಹಾಗೇ ಇದೆ.”

“ಜೋರಾಗಿ ಹೇಳು” ಎಂದರು ಇನ್‌ಸ್ಪೆಕ್ಟರ್. ಅವರು ಕಾಲನ್ನು ಖಾನೆಯಿಂದ ಕೆಳಗಿಳಿಸಿದ್ದರು.

ಅವಳು ತಲೆಯೆತ್ತಿದಳು. ಹೊರಗೆ ಬೆಂಚಿನ ಮೇಲಿದ್ದ ಉದ್ದಣ್ಣನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಹದಿನೇಳನೇ ನಂಬರು ನನ್ನ ಅಣ್ಣ ಸಾರ್. ನಮ್ಮನೇಲಿದಾನೆ. ಮನೆಯಲ್ಲಿ ನಾವು ಮೂರು ಜನ.”